ಒಂದು ಅಂಕಿಯ ಚರಿತ್ರೆ: ಮಕ್ಕಳ ಲಿವರ್ ಕ್ಯಾನ್ಸರ್, ಒಂದು ಪ್ರೋಟೀನ್ ಮತ್ತು ನಮ್ಮ ಲಂಡನ್



ನಾನು ವೈದ್ಯನಲ್ಲ, ಚಾರ್ಟರ್ಡ್ ಅಕೌಂಟೆಂಟ್. ಆದರೂ ನಮ್ಮ ಬಳಗದಲ್ಲಿ ಯಾರಿಗಾದರೂ ಆಸ್ಪತ್ರೆಯಿಂದ ರಕ್ತಪರೀಕ್ಷೆಯ ವರದಿ ಬಂದರೆ ಅದರ ಫೋಟೋ ನನಗೂ ವಾಟ್ಸಾಪ್‌ನಲ್ಲಿ ಬರುತ್ತದೆ. ಲೆಕ್ಕಿಗನಿಗೆ ಎಲ್ಲ ಅಂಕಿಗಳೂ ಅರ್ಥವಾಗುತ್ತವೆ ಎಂಬುದು ನಮ್ಮವರ ನಂಬಿಕೆ. ಆ ನಂಬಿಕೆ ಸರಿಯಲ್ಲ. ಹಾಗಿದ್ದರೂ ನನ್ನ ವೃತ್ತಿ ಕಲಿಸಿದ ಒಂದು ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಒಂಟಿ ಅಂಕಿಯನ್ನು ನಂಬಬೇಡ. ಅದು ಯಾರ ಖಾತೆಯದು, ಯಾವ ದಿನದ್ದು, ಯಾವ ನಾಣ್ಯದಲ್ಲಿದೆ, ಹಿಂದಿನ ಬಾಕಿ ಎಷ್ಟಿತ್ತು ಎಂದು ಕೇಳು.

ಇವತ್ತು ನಾನು ಹೇಳಲಿರುವುದು ಅಂಥ ಒಂದು ಅಂಕಿಯ ಚರಿತ್ರೆಯನ್ನು. ಅದರ ಹೆಸರು ಆಲ್ಫಾ-ಫೀಟೋಪ್ರೋಟೀನ್, ಚಿಕ್ಕದಾಗಿ ಎಎಫ್‌ಪಿ. ಎಳೆಯ ಮಕ್ಕಳ ಲಿವರ್‌ನಲ್ಲಿ, ಅಂದರೆ ಯಕೃತ್ತಿನಲ್ಲಿ, ಹುಟ್ಟುವ ಹೆಪಟೋಬ್ಲಾಸ್ಟೋಮಾ ಎಂಬ ಕ್ಯಾನ್ಸರನ್ನು ಗುರುತಿಸಲು ಮತ್ತು ಮಗುವಿನ ಮುಂದಿನ ದಾರಿಯನ್ನು ಅಂದಾಜು ಮಾಡಲು ವೈದ್ಯರು ಈ ಪ್ರೋಟೀನನ್ನು ಅಳೆಯುತ್ತಾರೆ. ಕಾಯಿಲೆ ಬಹಳ ಅಪರೂಪದ್ದು. ವರ್ಷಕ್ಕೆ 10 ಲಕ್ಷ ಮಕ್ಕಳಲ್ಲಿ ಒಂದಿಬ್ಬರಿಗೆ ಬರುತ್ತದೆ, ಅವರಲ್ಲಿ ಹೆಚ್ಚಿನವರು 3 ವರ್ಷದೊಳಗಿನವರು. ಇಷ್ಟು ಅಪರೂಪದ ಕಾಯಿಲೆಯ ಮಾತು ನಮಗೇಕೆ ಎಂದು ಕೇಳಬಹುದು. ಈ ಚರಿತ್ರೆಯ ಮುಖ್ಯ ಘಟ್ಟಗಳು ನಾವು ದಿನಾ ಓಡಾಡುವ ಲಂಡನ್ನಿನಲ್ಲೇ ನಡೆದಿವೆ. ಜೊತೆಗೆ ಅದರ ಕೊನೆಯ ಅಧ್ಯಾಯ ನಮ್ಮಂಥ ಎರಡು ಭಾಷೆಯ ಮನೆಗಳಿಗೆ ನೇರವಾಗಿ ಸಂಬಂಧಿಸಿದ್ದು.

ಕಥೆ ಹೈಡ್ ಪಾರ್ಕ್ ಕಾರ್ನರ್‌ನಿಂದ ಶುರುವಾಗಲಿ. ಅಲ್ಲಿ ಇವತ್ತು ಲೇನ್ಸ್‌ಬರೋ ಎಂಬ ದುಬಾರಿ ಹೋಟೆಲ್ ಇರುವ ಕಟ್ಟಡ ಒಂದು ಕಾಲಕ್ಕೆ ಸೇಂಟ್ ಜಾರ್ಜ್ಸ್ ಆಸ್ಪತ್ರೆಯಾಗಿತ್ತು. ನಾವು ದೋಸೆ ತಿನ್ನಲು ಹೋಗುವ ಟೂಟಿಂಗ್‌ನಲ್ಲಿ ಈಗಿರುವುದು ಅದೇ ಆಸ್ಪತ್ರೆ. 1845ರ ನವೆಂಬರ್‌ನಲ್ಲಿ ಅಲ್ಲಿನ ವೈದ್ಯ, ರಸಾಯನಶಾಸ್ತ್ರಜ್ಞ ಹೆನ್ರಿ ಬೆನ್ಸ್ ಜೋನ್ಸ್ ಅವರಿಗೆ ಒಂದು ಗಾಜಿನ ಕೊಳವೆ ಬಂತು. ಕಳಿಸಿದವರು ಥಾಮಸ್ ವಾಟ್ಸನ್ ಮತ್ತು ವಿಲಿಯಂ ಮ್ಯಾಕಿಂಟೈರ್ ಎಂಬ ವೈದ್ಯರು. ಒಳಗಿದ್ದದ್ದು ಮೂಳೆನೋವಿನಿಂದ ನರಳುತ್ತಿದ್ದ ಲಂಡನ್ನಿನ ಒಬ್ಬ ದಿನಸಿ ವ್ಯಾಪಾರಿಯ ಮೂತ್ರ. ಅದಕ್ಕೆ ನೈಟ್ರಿಕ್ ಆಮ್ಲ ಹಾಕಿದರೆ ಗಸಿಯಾಗುತ್ತಿತ್ತು, ಆ ಗಸಿ ಬಿಸಿ ಮಾಡಿದರೆ ಕರಗುತ್ತಿತ್ತು, ಆರಿದರೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಸಾಮಾನ್ಯ ಪ್ರೋಟೀನ್ ಹಾಗೆ ನಡೆದುಕೊಳ್ಳುವುದಿಲ್ಲ. ರೋಗಿ 1846ರ ಜನವರಿಯ ಆರಂಭದಲ್ಲೇ ತೀರಿಕೊಂಡರು. ಬೆನ್ಸ್ ಜೋನ್ಸ್ 1847 ಮತ್ತು 1848ರಲ್ಲಿ ತಮ್ಮ ಪರೀಕ್ಷೆಯ ವಿವರ ಪ್ರಕಟಿಸಿ, ಮೂಳೆ ಮೆತ್ತಗಾಗುವ ಇಂಥ ರೋಗಿಗಳಲ್ಲಿ ಈ ವಸ್ತುವನ್ನು ಮತ್ತೆ ಹುಡುಕಬೇಕು ಎಂದರು. ಆ ಕಾಯಿಲೆಯನ್ನು ನಾವು ಇಂದು ಮಲ್ಟಿಪಲ್ ಮೈಲೋಮಾ ಎನ್ನುತ್ತೇವೆ. ದೇಹದ ದ್ರವದಲ್ಲಿ ಕಾಣುವ ಪ್ರೋಟೀನಿನಿಂದ ಒಳಗಿನ ಕ್ಯಾನ್ಸರನ್ನು ಗುರುತಿಸುವ ವಿದ್ಯೆಗೆ ಇದನ್ನೇ ಮೊದಲ ಉದಾಹರಣೆಯಾಗಿ ಹೇಳುವುದು ರೂಢಿ.

ಆದರೆ ಆ ಗುರುತು ಆ ವ್ಯಾಪಾರಿಗೆ ಏನೂ ಮಾಡಲಿಲ್ಲ. ಚಿಕಿತ್ಸೆಯೇ ಇಲ್ಲದ ಕಾಲದಲ್ಲಿ ಗುರುತು ಎಂದರೆ ದಿವಾಳಿಯಾದ ಮೇಲೆ ಸಿಕ್ಕ ಲೆಕ್ಕಪುಸ್ತಕ ಇದ್ದಂತೆ. ನಮ್ಮ ಕಥೆಯ ಪ್ರೋಟೀನು ಬೆಲೆ ಪಡೆದದ್ದು ಅದನ್ನು ನೋಡಿ ಏನಾದರೂ ಮಾಡಲು ಸಾಧ್ಯವಾದ ಮೇಲೆ.

ಎಎಫ್‌ಪಿ ಮೊದಲು ಕಂಡದ್ದು ಸ್ವೀಡನ್ನಿನಲ್ಲಿ. 1956ರಲ್ಲಿ ಬರ್ಗ್‌ಸ್ಟ್ರಾಂಡ್ ಮತ್ತು ಚಾರ್ ಎಂಬ ಇಬ್ಬರು ಗರ್ಭಸ್ಥ ಶಿಶುವಿನ ರಕ್ತದಲ್ಲಿ ದೊಡ್ಡವರಲ್ಲಿ ಕಾಣದ ಒಂದು ಪ್ರೋಟೀನನ್ನು ಗುರುತಿಸಿದರು. 1963ರಲ್ಲಿ ಮಾಸ್ಕೋದ ಗ್ಯಾರಿ ಅಬೆಲೆವ್ ಮತ್ತು ಸಂಗಡಿಗರು ಲಿವರ್ ಗೆಡ್ಡೆ ಇದ್ದ ಇಲಿಗಳಲ್ಲಿ ಅಂಥದೇ ಪ್ರೋಟೀನ್ ಕಂಡರು. ಮರುವರ್ಷ ಯೂರಿ ತತಾರಿನೊವ್ ಅದನ್ನು ಲಿವರ್ ಕ್ಯಾನ್ಸರ್ ಇದ್ದ ಮನುಷ್ಯರ ರಕ್ತದಲ್ಲಿ ತೋರಿಸಿದರು. ಕಾರಣ ಸರಳ. ಹೊಟ್ಟೆಯೊಳಗಿನ ಮಗುವಿನ ಲಿವರ್ ಈ ಪ್ರೋಟೀನನ್ನು ಧಾರಾಳವಾಗಿ ತಯಾರಿಸುತ್ತದೆ. ಹುಟ್ಟಿದ ಮೇಲೆ ಆ ಕಾರ್ಖಾನೆ ನಿಧಾನವಾಗಿ ಬಾಗಿಲು ಹಾಕುತ್ತದೆ. ಹೆಪಟೋಬ್ಲಾಸ್ಟೋಮಾದ ಜೀವಕೋಶಗಳು ಬೆಳೆಯುವುದನ್ನು ಮರೆತ ಭ್ರೂಣದ ಲಿವರ್ ಕೋಶಗಳಂತಿರುತ್ತವೆ. ಅವು ಬಾಗಿಲು ಹಾಕದೆ ತಯಾರಿಸುತ್ತಲೇ ಇರುತ್ತವೆ. ದೊಡ್ಡವರಿಗೂ ಬರುವ ಲಿವರ್ ಕ್ಯಾನ್ಸರ್ ಬೇರೆ, ಮಕ್ಕಳ ಈ ಗೆಡ್ಡೆ ಬೇರೆ ಎಂದು ಇಷಾಕ್ ಮತ್ತು ಗ್ಲುಂಜ್ ಎಂಬ ರೋಗಶಾಸ್ತ್ರಜ್ಞರು 1967ರಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿದರು.

ಇರುವುದು ಗೊತ್ತಾದರೆ ಸಾಲದು, ಎಷ್ಟಿದೆ ಎಂದು ಅಳೆಯಬೇಕು. ರಕ್ತದಲ್ಲಿರುವ ಅತಿಸಣ್ಣ ಪ್ರಮಾಣವನ್ನು ವಿಕಿರಣ ವಸ್ತುವಿನ ನೆರವಿನಿಂದ ಅಳೆಯುವ ದಾರಿಯನ್ನು ಅಮೆರಿಕದಲ್ಲಿ ಯಾಲೋ ಮತ್ತು ಬರ್ಸನ್ ಕಂಡುಹಿಡಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1960ರಲ್ಲಿ, ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ರೋಜರ್ ಎಕಿನ್ಸ್ ಥೈರಾಕ್ಸಿನ್ ಹಾರ್ಮೋನನ್ನು ಅಳೆಯಲು ಅದೇ ಬಗೆಯ ತತ್ವವನ್ನು ಸ್ವತಂತ್ರವಾಗಿ ರೂಪಿಸಿದ್ದರು. 1971ರ ಹೊತ್ತಿಗೆ ಹೆಲ್ಸಿಂಕಿಯ ವಿಜ್ಞಾನಿಗಳು ಈ ವಿಧಾನದಿಂದ ಎಎಫ್‌ಪಿಯನ್ನು ನ್ಯಾನೋಗ್ರಾಂ ಮಟ್ಟದಲ್ಲಿ ಅಳೆದರು. ಒಂದು ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು.

ಈಗ ನನ್ನ ವೃತ್ತಿಯ ಮೊದಲ ಪ್ರಶ್ನೆಗೆ ಬರೋಣ: ಆರಂಭದ ಬಾಕಿ ಎಷ್ಟು? ಆರೋಗ್ಯವಂತ ದೊಡ್ಡವರ ರಕ್ತದಲ್ಲಿ ಎಎಫ್‌ಪಿ ಒಂದು ಮಿಲಿಲೀಟರಿಗೆ 10 ನ್ಯಾನೋಗ್ರಾಂಗಿಂತ ಕಡಿಮೆ. ಆದರೆ ತುಂಬು ತಿಂಗಳಿಗೆ ಹುಟ್ಟಿದ ಆರೋಗ್ಯವಂತ ಕೂಸಿನಲ್ಲಿ ಅದು ಸರಾಸರಿ 50 ಸಾವಿರದ ಆಸುಪಾಸಿನಲ್ಲಿರುತ್ತದೆ, ಅವಧಿಗೆ ಮೊದಲೇ ಹುಟ್ಟಿದ ಕೂಸಿನಲ್ಲಿ ಇನ್ನೂ ಹೆಚ್ಚು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಅದು ದೊಡ್ಡವರ ಮಟ್ಟಕ್ಕೆ ಇಳಿದಿರುತ್ತದೆ. ಹಾಗಾಗಿ ತಿಂಗಳ ಕೂಸಿನ ವರದಿಯಲ್ಲಿ ಸಾವಿರಗಳು ಕಂಡು, ಪಕ್ಕದಲ್ಲಿ ದೊಡ್ಡವರ ಮಿತಿ ಮುದ್ರಿಸಿದ್ದರಿಂದ ಕೆಂಪು ಗುರುತು ಬಿದ್ದಿದ್ದರೆ, ಆ ಕೆಂಪು ಗುರುತು ಮಗುವಿನ ಬಗ್ಗೆ ಏನನ್ನೂ ಹೇಳದಿರಬಹುದು. ಅದೇ ಅಂಕಿ 2 ವರ್ಷದ ಮಗುವಿನದಾದರೆ ಮಾತು ಬೇರೆ. ಅಂಕಿ ಒಂದೇ, ಖಾತೆ ಬೇರೆ.

ಎರಡನೆಯ ಪ್ರಶ್ನೆ: ಯಾವ ನಾಣ್ಯ? ಬೆಂಗಳೂರಿನ ವರದಿಗಳಲ್ಲಿ ನಾವು ಸಾಮಾನ್ಯವಾಗಿ ಕಾಣುವುದು ಮಿಲಿಲೀಟರಿಗೆ ನ್ಯಾನೋಗ್ರಾಂ. ಇಲ್ಲಿನ ಅನೇಕ ಪ್ರಯೋಗಾಲಯಗಳು ಲೀಟರಿಗೆ ಕಿಲೋಯೂನಿಟ್ ಎಂದು ಬರೆಯುತ್ತವೆ. ಒಂದು ಯೂನಿಟ್ ಎಂದರೆ ಸುಮಾರು 1.2 ನ್ಯಾನೋಗ್ರಾಂ. ಅಂದರೆ ಇಲ್ಲಿನ 1,000, ಅಲ್ಲಿನ 1,200. ಪರಿವರ್ತಿಸದೆ ಹೋಲಿಸಿದರೆ ಕಾಯಿಲೆ ಏರದೆಯೂ ಏರಿದಂತೆ, ಇಳಿಯದೆಯೂ ಇಳಿದಂತೆ ಕಾಣುತ್ತದೆ. ಪರೀಕ್ಷೆಯ ಕಿಟ್ ಬದಲಾದರೂ ಅಂಕಿ ಸ್ವಲ್ಪ ಬದಲಾಗುತ್ತದೆ. ಪೌಂಡು ರೂಪಾಯಿಗಳ ಲೆಕ್ಕ ದಿನಾ ಮಾಡುವ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ಪ್ರಶ್ನೆ: ನಡೆ ಯಾವ ಕಡೆಗೆ? ಗೆಡ್ಡೆಯನ್ನು ಪೂರ್ತಿ ತೆಗೆದ ಮೇಲೆ ರಕ್ತದಲ್ಲಿರುವ ಎಎಫ್‌ಪಿ ಸುಮಾರು 5ರಿಂದ 7 ದಿನಕ್ಕೊಮ್ಮೆ ಅರ್ಧವಾಗುತ್ತ ಹೋಗಬೇಕು. ಒಂದು ಕಾಗದದ ಲೆಕ್ಕ ನೋಡಿ. 10,24,000 ಇದ್ದದ್ದು 6 ದಿನಕ್ಕೊಮ್ಮೆ ಅರ್ಧವಾದರೆ 60 ದಿನಕ್ಕೆ 1,000ಕ್ಕೆ ಬರುತ್ತದೆ, 102 ದಿನಕ್ಕೆ 10ರ ಕೆಳಗೆ ಇಳಿಯುತ್ತದೆ. 60ನೆಯ ದಿನ ವರದಿ ನೋಡಿದ ಅಜ್ಜ ಊರಿನಿಂದ ಫೋನಿನಲ್ಲಿ 'ಇನ್ನೂ ಸಾವಿರ ಇದೆಯಂತಲ್ಲ' ಎಂದು ಅಳಬಹುದು. ಆದರೆ ಆ ಇಳಿಜಾರು ಸರಿಯಾಗೇ ಇದೆ. ಇಳಿಯುತ್ತಿದ್ದದ್ದು ನಡುವೆ ನಿಂತರೆ ಅಥವಾ ಮತ್ತೆ ಏರತೊಡಗಿದರೆ, ಅಂಕಿ ಚಿಕ್ಕದಿದ್ದರೂ ವೈದ್ಯರು ಮತ್ತೆ ಸ್ಕ್ಯಾನ್ ಮಾಡಿ ಹುಡುಕುತ್ತಾರೆ.

ಹೀಗೆ ಓದಲು ಕಲಿತ ಅಂಕಿಯಿಂದ ಮಕ್ಕಳ ಪಾಲಿಗೆ ಏನು ಬದಲಾಯಿತು? 1970ರ ದಶಕದಲ್ಲಿ ಈ ಕಾಯಿಲೆಯಿಂದ ಬದುಕುಳಿಯುತ್ತಿದ್ದವರು ಮೂವರಲ್ಲಿ ಒಬ್ಬರಷ್ಟೇ. ಶಸ್ತ್ರಚಿಕಿತ್ಸೆಯಿಂದ ಪೂರ್ತಿ ತೆಗೆಯಲು ಆದವರು ಉಳಿದರು, ಆಗದವರು ಹೋದರು. ದಾರಿ ತೆರೆದದ್ದು ಸಿಸ್ಪ್ಲಾಟಿನ್ ಎಂಬ ಪ್ಲಾಟಿನಂ ಔಷಧಿ. ಅದರ ಗುಣವನ್ನು 1960ರ ದಶಕದಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಆಕಸ್ಮಿಕವಾಗಿ ಕಂಡರು. ಅದನ್ನು ರೋಗಿಗಳಿಗೆ ಬಳಸಿ ಪಳಗಿಸಿದ ಮೊದಲಿಗರಲ್ಲಿ ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯವರೂ ಇದ್ದರು. ಅದರ ತಂಗಿಯಂಥ ಕಾರ್ಬೋಪ್ಲಾಟಿನ್ ರೂಪುಗೊಂಡದ್ದೂ ಇಲ್ಲೇ, ಆ ಆಸ್ಪತ್ರೆ, ಇನ್‌ಸ್ಟಿಟ್ಯೂಟ್ ಆಫ್ ಕ್ಯಾನ್ಸರ್ ರಿಸರ್ಚ್ ಮತ್ತು ಜಾನ್ಸನ್ ಮ್ಯಾಥೇ ಕಂಪನಿ ಸೇರಿ ಮಾಡಿದ ಕೆಲಸದಿಂದ.

ಕಾಯಿಲೆ ಅಪರೂಪವಾದ್ದರಿಂದ ಯಾವ ಒಂದು ಆಸ್ಪತ್ರೆಗೂ, ಒಂದು ದೇಶಕ್ಕೂ ಸಾಕಷ್ಟು ಅನುಭವ ಕೂಡಿ ಬರುವುದಿಲ್ಲ. ಹಾಗಾಗಿ ಯುರೋಪಿನ ವೈದ್ಯರು ಸಿಯೋಪೆಲ್ ಎಂಬ ಗುಂಪು ಕಟ್ಟಿಕೊಂಡು ದೇಶದೇಶಗಳ ಮಕ್ಕಳ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆಯತೊಡಗಿದರು. 1990ರಿಂದ 1994ರವರೆಗೆ ನಡೆದ ಮೊದಲ ಅಧ್ಯಯನದಲ್ಲಿ ಮೊದಲು ಸಿಸ್ಪ್ಲಾಟಿನ್ ಮತ್ತು ಡಾಕ್ಸೋರೂಬಿಸಿನ್ ಕೊಟ್ಟು ಗೆಡ್ಡೆಯನ್ನು ಕುಗ್ಗಿಸಿ, ಆಮೇಲೆ ಕತ್ತರಿ ಹಿಡಿದರು. 5 ವರ್ಷದ ಬದುಕುಳಿಯುವಿಕೆ 75%ಕ್ಕೆ ಏರಿತು.

ಕತ್ತರಿಗೆ ಎಟುಕದ ಗೆಡ್ಡೆಗಳಿಗೆ ಇದ್ದ ದಾರಿ ಲಿವರ್ ಕಸಿ. ಥೇಮ್ಸ್ ದಂಡೆಯ ನಮ್ಮ ಬಸವಣ್ಣನವರ ಪ್ರತಿಮೆಯಿಂದ ಕೆಲವೇ ಮೈಲಿ ದೂರದ ಡೆನ್ಮಾರ್ಕ್ ಹಿಲ್‌ನಲ್ಲಿ ಕಿಂಗ್ಸ್ ಕಾಲೇಜ್ ಆಸ್ಪತ್ರೆ ಇದೆ. 1966ರಲ್ಲಿ ರೋಜರ್ ವಿಲಿಯಮ್ಸ್ ಅಲ್ಲಿ ಲಿವರ್ ವಿಭಾಗ ಕಟ್ಟಿದರು. 1968ರಲ್ಲಿ ಕೇಂಬ್ರಿಜ್‌ನ ರಾಯ್ ಕಾಲ್ನ್ ಜೊತೆ ಲಿವರ್ ಕಸಿ ಕಾರ್ಯಕ್ರಮ ಆರಂಭವಾಯಿತು. ಮಕ್ಕಳ ಲಿವರ್ ರೋಗಗಳಿಗೇ ಮೀಸಲಾದ ವಿಭಾಗವನ್ನು ಅಲ್ಲಿ ಬೆಳೆಸಿದವರು ಅಲೆಕ್ಸ್ ಮೊವಾಟ್. ಇವತ್ತು ಈ ದೇಶದಲ್ಲಿ ಮಕ್ಕಳ ಲಿವರ್ ಶಸ್ತ್ರಚಿಕಿತ್ಸೆ ಮತ್ತು ಕಸಿ ನಡೆಯುವ ಮೂರು ಕೇಂದ್ರಗಳಲ್ಲಿ ಅದೂ ಒಂದು. ಉಳಿದೆರಡು ಬರ್ಮಿಂಗ್‌ಹ್ಯಾಮ್ ಮತ್ತು ಲೀಡ್ಸ್. ಕಸಿಯ ವಿಚಾರದಲ್ಲಿ ಮೊದಲ ಸಿಯೋಪೆಲ್ ಅಧ್ಯಯನ ಒಂದು ಕಠಿಣ ಪಾಠ ಕಲಿಸಿತು. ಕಸಿಯಾದ ಮಕ್ಕಳು 12. ಮೊದಲೇ ನಿರ್ಧರಿಸಿ ಕಸಿ ಮಾಡಿದವರಲ್ಲಿ 10 ವರ್ಷದ ಬದುಕುಳಿಯುವಿಕೆ 85%, ಬೇರೆ ಶಸ್ತ್ರಚಿಕಿತ್ಸೆ ಸೋತ ಮೇಲೆ ಕೊನೆಯ ಪ್ರಯತ್ನವೆಂದು ಮಾಡಿದವರಲ್ಲಿ 40%. ಸಂಖ್ಯೆ ಚಿಕ್ಕದು, ಆದರೆ ಸಂದೇಶ ಸ್ಪಷ್ಟ: ಯಾರಿಗೆ ಏನು ಬೇಕೆಂದು ಮೊದಲೇ ತಿಳಿಯಬೇಕು.

ಆ ವಿಂಗಡಣೆಯಲ್ಲಿ ಎಎಫ್‌ಪಿ ಎಲ್ಲರನ್ನೂ ಚಕಿತಗೊಳಿಸಿತು. ಹೆಚ್ಚಿದ್ದರೆ ಕೆಟ್ಟದ್ದು, ಕಡಿಮೆ ಇದ್ದರೆ ಒಳ್ಳೆಯದು ಎಂದು ನಾವು ಸಹಜವಾಗಿ ಎಣಿಸುತ್ತೇವೆ. ಈ ಕಾಯಿಲೆಯಲ್ಲಿ ಪತ್ತೆಯಾದ ದಿನ ಅಂಕಿ 100ಕ್ಕಿಂತ ಕಡಿಮೆ ಇದ್ದ ಮಕ್ಕಳ ಪರಿಸ್ಥಿತಿಯೇ ಹೆಚ್ಚು ಗಂಭೀರವಾಗಿತ್ತು. ಲಕ್ಷಗಳಲ್ಲಿದ್ದ ಎಷ್ಟೋ ಮಕ್ಕಳು ಗುಣವಾಗಿ ಶಾಲೆಗೆ ಹೋದರು. ಪ್ರೋಟೀನು ತಯಾರಿಸುವ ಗೆಡ್ಡೆಯಲ್ಲಿ ಲಿವರ್‌ನ ಗುಣ ಇನ್ನೂ ಉಳಿದಿರುತ್ತದೆ, ಅದು ಔಷಧಿಗೆ ಬಗ್ಗುತ್ತದೆ. ಏನನ್ನೂ ತಯಾರಿಸದ ಗೆಡ್ಡೆ ತನ್ನ ಮೂಲವನ್ನೇ ಮರೆತಿರಬಹುದು. ಅಂಥ ಕೆಲವು ಹೆಪಟೋಬ್ಲಾಸ್ಟೋಮಾ ಆಗಿರದೆ ರ್‍ಯಾಬ್ಡಾಯ್ಡ್ ಎಂಬ ಬೇರೆಯೇ ಜಾತಿಯವು ಎಂದು ಆಮೇಲೆ ತಿಳಿಯಿತು. 2017ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ವಿಶ್ಲೇಷಣೆ ಯುರೋಪ್, ಅಮೆರಿಕ, ಜಪಾನುಗಳ 1,605 ಮಕ್ಕಳ ದಾಖಲೆಗಳನ್ನು ಕೂಡಿಸಿ ನೋಡಿತು. ಮಗುವಿನ ವಯಸ್ಸು, ಗೆಡ್ಡೆ ಲಿವರ್‌ನಲ್ಲಿ ಎಷ್ಟು ಹರಡಿದೆ, ಶ್ವಾಸಕೋಶಕ್ಕೆ ಹೋಗಿದೆಯೇ ಎಂಬವುಗಳ ಜೊತೆ ಎಎಫ್‌ಪಿಯ ಕೆಳಗಿನ ಮಟ್ಟಗಳನ್ನೂ ಸೇರಿಸಿ ಅಪಾಯದ ವರ್ಗಗಳನ್ನು ಮಾಡಿತು. ಇಲ್ಲಿ ಇನ್ನೊಂದು ತೊಡಕೂ ಇದೆ. ಪ್ರೋಟೀನು ವಿಪರೀತವಾಗಿದ್ದರೆ ಕೆಲವು ಬಗೆಯ ಪರೀಕ್ಷೆಗಳು ಮುಳುಗಿಹೋಗಿ ಸುಳ್ಳು ಕಡಿಮೆ ಅಂಕಿ ತೋರಿಸುತ್ತವೆ. ಆಗ ರಕ್ತವನ್ನು ತೆಳುಮಾಡಿ ಮತ್ತೆ ಅಳೆಯಬೇಕಾಗುತ್ತದೆ. ಹಾಗಾಗಿ ಚಿಕ್ಕ ಅಂಕಿ ಕಂಡಾಗಲೂ ಅನುಭವಿ ವೈದ್ಯರು ಒಮ್ಮೆ ಹುಬ್ಬೇರಿಸಿ ನೋಡುತ್ತಾರೆ.

ಅಪಾಯ ಯಾರಿಗೆ ಹೆಚ್ಚು ಎಂದು ತಿಳಿದರೆ, ಯಾರಿಗೆ ಕಡಿಮೆ ಎಂಬುದೂ ತಿಳಿಯುತ್ತದೆ. ಈ ಚರಿತ್ರೆಯ ಅತ್ಯಂತ ಮಾನವೀಯ ಭಾಗ ಅಲ್ಲಿದೆ ಎಂದು ನನ್ನ ಅನಿಸಿಕೆ. ಅತಿಯಾದರೆ ಅಮೃತವೂ ವಿಷ ಎಂದು ನಮ್ಮಲ್ಲಿ ಗಾದೆ ಇದೆ. ಕ್ಯಾನ್ಸರ್ ಔಷಧಿಯಂತೂ ಅಮೃತವಲ್ಲ. ಡಾಕ್ಸೋರೂಬಿಸಿನ್ ಹೃದಯವನ್ನು ಬಳಲಿಸಬಲ್ಲದು. 1998ರಿಂದ 2006ರವರೆಗೆ ನಡೆದ ಮೂರನೆಯ ಸಿಯೋಪೆಲ್ ಅಧ್ಯಯನದಲ್ಲಿ, ಗೆಡ್ಡೆ ಲಿವರ್‌ನೊಳಗೇ ಇದ್ದು ಎಎಫ್‌ಪಿ 100ಕ್ಕಿಂತ ಹೆಚ್ಚಿದ್ದ 255 ಸಾಮಾನ್ಯ ಅಪಾಯದ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡೂ ಔಷಧಿ, ಇನ್ನೊಂದಕ್ಕೆ ಸಿಸ್ಪ್ಲಾಟಿನ್ ಮಾತ್ರ, ಕಡಿಮೆ ಅಂತರದಲ್ಲಿ. 2009ರಲ್ಲಿ ಫಲಿತಾಂಶ ಬಂತು. 3 ವರ್ಷದ ಬದುಕುಳಿಯುವಿಕೆ ಒಂದು ಔಷಧಿಯವರಲ್ಲಿ 95%, ಎರಡರವರಲ್ಲಿ 93%. ಹೃದಯಕ್ಕೆ ಭಾರವಾಗುವ ಔಷಧಿಯನ್ನು ಆ ಮಕ್ಕಳಿಗೆ ಬಿಡಬಹುದೆಂದು ಸಾಬೀತಾಯಿತು.

ಉಳಿದದ್ದು ಸಿಸ್ಪ್ಲಾಟಿನ್. ಅದು ಕಿವಿಯ ಒಳಗಿನ ಸೂಕ್ಷ್ಮ ರೋಮಕೋಶಗಳನ್ನು ಕೊಲ್ಲುತ್ತದೆ, ಅವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಎತ್ತರದ ಸ್ವರಗಳು. ದೊಡ್ಡವರಿಗೆ ಇದು ಹಕ್ಕಿಯ ಕೂಗು ಕೇಳದಿರುವ ಬೇಸರ ಅಷ್ಟೇ ಇರಬಹುದು. ಮಾತು ಕಲಿಯುವ ಮಗುವಿಗೆ ಹಾಗಲ್ಲ. ಸ, ಶ, ಕ, ತ, ಹ ಇಂಥ ಮೆಲುವಾದ ವ್ಯಂಜನಗಳು ಎತ್ತರದ ಸ್ವರದಲ್ಲೇ ಇರುತ್ತವೆ. ಹಾಲು, ಕಾಲು, ಸಾಲು: ಈ ಮೂರು ಪದಗಳ ವ್ಯತ್ಯಾಸ ಮೊದಲ ಅಕ್ಷರದ ಒಂದು ಉಸಿರಿನಲ್ಲಿದೆ. ಆ ಉಸಿರು ಕೇಳದ ಮಗುವಿಗೆ ಮೂರೂ ಒಂದೇ. ಶಾಲೆಯಲ್ಲಿ ದಿನವಿಡೀ ಕಿವಿಗೆ ಬೀಳುವ ಇಂಗ್ಲಿಷನ್ನು ಅದು ಹೇಗೋ ಊಹಿಸಿ ಕಲಿತೀತು. ಮನೆಯಲ್ಲಿ ದಿನಕ್ಕೆ ಎರಡು ಗಂಟೆ, ಫೋನಿನಲ್ಲಿ ಅಜ್ಜಿಯ ಒಡಕು ದನಿಯಲ್ಲಿ ಮಾತ್ರ ಕೇಳುವ ಕನ್ನಡವನ್ನು ಊಹಿಸಿ ಕಲಿಯುವುದು ಕಷ್ಟ. ನಮ್ಮಂಥ ಮನೆಗಳಲ್ಲಿ ಮೊದಲು ಕಳೆದುಹೋಗುವುದು ತಾಯಿನುಡಿ.

ಈ ನಷ್ಟವನ್ನು ತಡೆಯಬಹುದೇ ಎಂದು ಕೇಳಿದವರಲ್ಲಿ ಮುಂಚೂಣಿಯಲ್ಲಿದ್ದವರು ಬ್ಲೂಮ್ಸ್‌ಬರಿಯ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಪೆನೆಲೋಪಿ ಬ್ರಾಕ್. ಸೋಡಿಯಂ ಥಯೋಸಲ್ಫೇಟ್ ಹಳೆಯ ವಸ್ತು, ಸಯನೈಡ್ ವಿಷಕ್ಕೆ ಪ್ರತಿವಿಷವಾಗಿ ಬಳಸುತ್ತಿದ್ದದ್ದು. ಅದು ಸಿಸ್ಪ್ಲಾಟಿನ್ನನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಸಿಸ್ಪ್ಲಾಟಿನ್ ಮುಗಿದು 6 ಗಂಟೆಯಾದ ಮೇಲೆ ಕೊಟ್ಟರೆ ಕಿವಿ ಉಳಿಯಬಹುದು ಎಂಬುದು ಆಲೋಚನೆ. ಆದರೆ ಅದೇ ಹೊತ್ತಿಗೆ ಗೆಡ್ಡೆಯನ್ನೂ ಕಾಪಾಡಿಬಿಟ್ಟರೆ? ಕಿವಿ ಉಳಿಸಲು ಹೋಗಿ ಮಗುವನ್ನು ಕಳೆದುಕೊಂಡರೆ? ಈ ಭಯಕ್ಕೆ ಕಾವಲು ನಿಂತದ್ದರಲ್ಲಿ ನಮ್ಮ ಅಂಕಿಯೂ ಒಂದು. 2007ರಲ್ಲಿ ಶುರುವಾದ ಆರನೆಯ ಸಿಯೋಪೆಲ್ ಅಧ್ಯಯನದಲ್ಲಿ ಸ್ಕ್ಯಾನ್ ಜೊತೆಗೆ ಎಎಫ್‌ಪಿ ಇಳಿಯುತ್ತಿದೆಯೇ ಎಂದು ನೋಡುತ್ತ ಹೋದರು. ಗೆಡ್ಡೆ ಬೆಳೆಯುತ್ತಿದೆ ಎಂದು ಕಂಡರೆ ಥಯೋಸಲ್ಫೇಟ್ ನಿಲ್ಲಿಸಿ ಚಿಕಿತ್ಸೆ ಬಲಪಡಿಸಬೇಕು ಎಂಬುದು ಮೊದಲೇ ಬರೆದಿಟ್ಟ ನಿಯಮ. ನನ್ನ ಭಾಷೆಯಲ್ಲಿ ಹೇಳುವುದಾದರೆ, ವರ್ಷದ ಕೊನೆಯ ಆಡಿಟ್‌ಗೆ ಕಾಯದೆ ನಡುನಡುವೆಯೇ ಲೆಕ್ಕ ತಪಾಸಣೆ.

2018ರಲ್ಲಿ 109 ಮಕ್ಕಳ ಫಲಿತಾಂಶ ಪ್ರಕಟವಾಯಿತು. ಸಿಸ್ಪ್ಲಾಟಿನ್ ಮಾತ್ರ ಪಡೆದವರಲ್ಲಿ ಕಿವಿಗೆ ಹಾನಿಯಾದವರು 63%, ಥಯೋಸಲ್ಫೇಟ್ ಕೂಡ ಪಡೆದವರಲ್ಲಿ 33%. 3 ವರ್ಷದ ಬದುಕುಳಿಯುವಿಕೆ ಕ್ರಮವಾಗಿ 92% ಮತ್ತು 98%. ಕಿವಿ ಉಳಿಸಲು ಯಾವ ಮಗುವಿನ ಜೀವವನ್ನೂ ಒತ್ತೆ ಇಡಬೇಕಾಗಿ ಬರಲಿಲ್ಲ. 2022ರಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟಿತು. ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್‌ಗೆ ಔಷಧಿಗಳನ್ನು ತೂಗಿ ಹೇಳುವ ನೈಸ್ ಸಂಸ್ಥೆ 2025ರಲ್ಲಿ, ಗೆಡ್ಡೆ ಹುಟ್ಟಿದ ಜಾಗದಿಂದ ದೂರ ಹರಡದ ಮಕ್ಕಳಿಗಾಗಿ, ಇದನ್ನು ಶಿಫಾರಸು ಮಾಡಿತು.

ಬೆನ್ಸ್ ಜೋನ್ಸರ ಕೊಳವೆಯಿಂದ ಇಲ್ಲಿಗೆ ಸುಮಾರು 180 ವರ್ಷ. ಮೊದಲು ಒಂದು ಪ್ರೋಟೀನು ಸಾವಿನ ಗುರುತಾಗಿತ್ತು. ಆಮೇಲೆ ಇನ್ನೊಂದು ಪ್ರೋಟೀನು ಬದುಕುಳಿಯುವವರನ್ನು ವಿಂಗಡಿಸುವ ಗುರುತಾಯಿತು. ಈಗ ಅದು ಮಗುವಿಗೆ ಎಷ್ಟು ಚಿಕಿತ್ಸೆ ಸಾಕು ಎಂದು ತಿಳಿಯಲು ಮತ್ತು ಬದುಕುಳಿದ ಮಗು ಎಂಥ ಬದುಕು ಬದುಕೀತು ಎಂದು ಕೇಳಲು ಧೈರ್ಯ ಕೊಡುತ್ತಿದೆ. ಮುಂದಿನ ದಾರಿ ಎಂದರೆ ಉಳಿಯುತ್ತದೆಯೇ ಇಲ್ಲವೇ ಎಂಬುದಷ್ಟೇ ಅಲ್ಲ, ಅಜ್ಜಿಯ ಮಾತು ಕೇಳಿಸುತ್ತದೆಯೇ ಎಂಬುದೂ ಹೌದು.

ನಮ್ಮ ಸಂಘಕ್ಕೆ ಇದರಿಂದ ಒಂದು ಸಣ್ಣ ಕೆಲಸ ಇದೆ. ಯಾವ ಕುಟುಂಬಕ್ಕಾದರೂ ಇಂಥ ಹೊತ್ತು ಬಂದರೆ ವರದಿಯ ಅಂಕಿಯನ್ನು ಗುಂಪಿನಲ್ಲಿ ಹಂಚಿ ಊಹೆ ಮಾಡುವುದು ಬೇಡ. ಜೊತೆಗೆ ಒಬ್ಬರು ಆಸ್ಪತ್ರೆಗೆ ಹೋಗಿ, ಒಂದು ಹಾಳೆಯಲ್ಲಿ ದಿನಾಂಕ, ಅಂಕಿ, ಅಳತೆಯ ಘಟಕ, ಪ್ರಯೋಗಾಲಯದ ಹೆಸರು ಬರೆದಿಟ್ಟುಕೊಳ್ಳೋಣ. ವೈದ್ಯರನ್ನು ಕೇಳೋಣ: ಈ ವಯಸ್ಸಿಗೆ ಇದು ಎಷ್ಟಿರಬೇಕು? ಇಳಿಜಾರು ಸರಿಯಿದೆಯೇ? ಮಗುವಿನ ಕಿವಿಯ ಪರೀಕ್ಷೆ ಯಾವಾಗ, ಕಿವಿಯ ರಕ್ಷಣೆಗೆ ಏನು ಮಾಡುತ್ತೀರಿ? ಇಂಗ್ಲಿಷ್ ಕಷ್ಟವಾದ ತಾಯಿತಂದೆಗೆ ಎನ್‌ಎಚ್‌ಎಸ್‌ನಲ್ಲಿ ದುಭಾಷಿಯನ್ನು ಕೇಳುವ ಹಕ್ಕಿದೆ. ಕೇಳಲು ಸಂಕೋಚ ಬೇಡ. ಚಿಕಿತ್ಸೆ ಮುಗಿಸಿ ಮಗು ಮನೆಗೆ ಬಂದ ಮೇಲೆ, ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಅದಕ್ಕೆ ಮುಂದಿನ ಸಾಲಿನಲ್ಲಿ, ಮೇಷ್ಟರ ಮುಖ ಕಾಣುವಂತೆ ಒಂದು ಜಾಗ ಇಡೋಣ.